ಬುಗುರಿಗೆ ಸಿಕ್ಕ ಕೈಕುರ್ಚಿ

ಬುಗುರಿಯ ಮುತ್ತಜ್ಜ ಊರಿಗೆ ನೀರು ಹೊತ್ತವನು. ನಲ್ಲಿ ಎಂಬುದು ಇನ್ನೂ ಊರೊಳಗೆ ಕಾಲಿಡದ ಕಾಲ. ಹೆಗಲ ಮೇಲೊಂದು ಅಡ್ಡೆ, ಅಡ್ಡೆಯ ತುದಿಗಳಿಗೆ ಎರಡು ತಗಡಿನ ಡಬ್ಬ, ಹೊಳೆಯಿಂದ ಮೇಲಿನ ಬೀದಿಗೆ ಏರುದಾರಿ. ಅವನ ಹೆಗಲಿನ ಗಡ್ಡೆ ಎಷ್ಟು ದಪ್ಪವಿತ್ತೆಂದರೆ, ಮಕ್ಕಳು ಅದರೊಳಗೆ ತಿಂಡಿ ಬಚ್ಚಿಟ್ಟಿದ್ದಾನೆ ಎಂದು ನಂಬಿ ಹಿಂದೆ ಹಿಂದೆ ಓಡುತ್ತಿದ್ದವು. ಪೇಟೆಗೆ ಬೆಂಕಿ ಬಿದ್ದ ದಿನ ಹೊತ್ತು ಮುಳುಗುವವರೆಗೂ ಡಬ್ಬ ಇಳಿಸದೆ ಓಡಾಡಿದವನು ಅವನು. ಹೆಗಲಯ್ಯ ಎಂದೇ ಊರು ಕರೆಯಿತು.

ಹೆಗಲಯ್ಯನ ಮಗ ಬೀಗದಯ್ಯ. ನೆಲದಡಿ ಕೊಳವೆ ಬಂದ ಮೇಲೆ ಬೀದಿ ಬೀದಿಯ ವಾಲ್ವು ತಿರುಗಿಸುವ ಆಳೆತ್ತರದ ಕಬ್ಬಿಣದ ಕೀಲಿ ಅವನ ಕೈಗೆ ಬಂತು. ಒಮ್ಮೆ ದೊಡ್ಡ ಕೊಳವೆ ಒಡೆದು ಪೇಟೆಯೆಲ್ಲ ಹೊಳೆಯಾದಾಗ ಸಾಹೇಬರುಗಳು ಅಂಗಡಿ ಜಗಲಿ ಹತ್ತಿ ನಿಂತು ಅಪ್ಪಣೆ ಕೊಡುತ್ತಿದ್ದರು. ಬೀಗದಯ್ಯ ಅಪ್ಪಣೆಗೆ ಕಾಯದೆ ಗುಂಡಿಗೆ ಇಳಿದ. ಎದೆಮಟ್ಟ ಕೆಸರಿನಲ್ಲಿ ನಿಂತು ಕೀಲಿ ತಿರುಗಿಸಿದ, ನೀರು ನಿಂತಿತು, ಅವನ ಸೊಂಟವೂ ಅಂದಿನಿಂದ ನಿಂತಿತು. ಆಮೇಲೆ ಬಗ್ಗಲು ಬರಲೇ ಇಲ್ಲ.

ಅವನ ಮಗ ಮೀಟರಯ್ಯ, ಬುಗುರಿಯ ಅಪ್ಪ. ಮನೆ ಮನೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮೀಟರಿನ ಗಾಜನ್ನು ಅಂಗಿತೋಳಿನಿಂದ ಒರೆಸಿ, ಅಂಕಿ ಬರೆದುಕೊಂಡು ಏಳುವುದೇ ಅವನ ಬಾಳು. ದೊಡ್ಡ ಹೋಟೆಲಿನವನ ಮೀಟರು ವರ್ಷಗಟ್ಟಲೆ ನಿದ್ದೆ ಹೋಗಿತ್ತು. ಅದನ್ನು ಎಬ್ಬಿಸಿದವನು ಇವನೇ. ಹೋಟೆಲಿನವ ಸಿಟ್ಟಿಗೆದ್ದು ನಾಯಿ ಛೂ ಬಿಟ್ಟ. ನಾಯಿಗೆ ಮೀಟರಯ್ಯ ಹಳೆಯ ಗೆಳೆಯ. ಬಾಲ ಆಡಿಸುತ್ತ ಬಂದು ಕಾಲು ನೆಕ್ಕಿತು. ಹೋಟೆಲಿನವ ನಾಯಿಯನ್ನೂ ಬೈದ.

ಹೀಗೆ ತಲೆಮಾರುಗಳ ಕಾಲ ಆ ಮನೆ ನೀರಿನ ಹಿಂದೆ ಓಡಿತು. ಕೂತು ಉಣ್ಣುವ ಕೆಲಸ ಒಬ್ಬರಿಗೂ ಸಿಗಲಿಲ್ಲ. ಮೀಟರಯ್ಯನ ಮಂಡಿಗಳು ಕೊನೆಗೆ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿದವು. ಆಗ ಅವನು ಒಂದೇ ಮಾತು ಹಿಡಿದ: “ನನ್ನ ಮಗಳು ಕೂತು ದುಡೀಬೇಕು.”

ಮಗಳೋ, ಕೂರುವ ಜಾತಿಯೇ ಅಲ್ಲ. ಹುಟ್ಟಿದಾಗಿನಿಂದ ಗಿರ್ರನೆ ತಿರುಗುವ ಹುಡುಗಿ. ಉಣ್ಣುವಾಗ ನಿಂತು ಉಂಡಳು, ಓದುವಾಗ ಓಡಾಡುತ್ತ ಓದಿದಳು. ಬುಗುರಿ ಎಂದು ಹೆಸರಿಟ್ಟವಳು ಅವಳ ತಾಯಿ. ಆ ತಾಯಿ ಬೇಗನೆ ಹೋದಳು, ಹೆಸರು ಉಳಿಯಿತು. ಇಂಥವಳನ್ನು ಅಪ್ಪ ಹಟ ಹಿಡಿದು ಓದಿಸಿ, ತಾನು ದುಡಿದ ನೀರಿನ ಕಚೇರಿಯಲ್ಲೇ ಬಿಲ್ಲಿನ ವಿಭಾಗಕ್ಕೆ ಸೇರಿಸಿದ. ಬೀದಿಯಿಂದ ಬಂದ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಬುಗುರಿ ಹಲ್ಲು ಕಚ್ಚಿ ಕೂತಳು. ಬೆರಳು ಮಾತ್ರ ಬುಗುರಿಯಾಗಿಯೇ ಉಳಿದವು. ವಿಭಾಗದಲ್ಲಿ ಅವಳಷ್ಟು ಚುರುಕಾಗಿ, ತಪ್ಪಿಲ್ಲದೆ ಕೀಲಿ ಒತ್ತುವವರು ಇರಲಿಲ್ಲ.

ಆ ಕಚೇರಿಯಲ್ಲಿ ಕುರ್ಚಿಗಳದ್ದೇ ಒಂದು ಶಾಸ್ತ್ರವಿತ್ತು. ಯಾರೂ ಎಲ್ಲೂ ಬರೆದಿಟ್ಟದ್ದಲ್ಲ, ಆದರೂ ಕಲ್ಲಿನಲ್ಲಿ ಕೊರೆದಷ್ಟು ಗಟ್ಟಿ. ಗುಮಾಸ್ತರಿಗೆ ಬೋಳು ಕುರ್ಚಿ: ನಾಲ್ಕು ಕಾಲು, ಒಂದು ಬೆನ್ನು, ಅಷ್ಟೆ. ಹೆಡ್ ಕ್ಲಾರ್ಕಿಗೆ ಕೈಕುರ್ಚಿ: ಉಕ್ಕಿನ ಕಟ್ಟು, ಎರಡು ಪಕ್ಕಕ್ಕೂ ಬೋಲ್ಟು ಹಾಕಿ ಕೂರಿಸಿದ ಅಗಲವಾದ ಮರದ ಕೈ. ಸಾಹೇಬರಿಗೆ ತಲೆಗಿಂತ ಎತ್ತರದ ಬೆನ್ನಿರುವ ಕುರ್ಚಿ. ಹೊಸಬರು ಬಾಗಿಲಲ್ಲಿ ನಿಂತು ಕುರ್ಚಿಗಳನ್ನು ನೋಡಿದರೆ ಸಾಕು, ಯಾರಿಗೆ ಮೊದಲು ಕೈ ಮುಗಿಯಬೇಕು ಎಂದು ತಿಳಿಯುತ್ತಿತ್ತು. ಮೇಜುಗಳು ಮಾತ್ರ ಎಲ್ಲರಿಗೂ ಒಂದೇ. ಗೋಡೆಯುದ್ದಕ್ಕೂ ಒಂದಕ್ಕೊಂದು ಜೋಡಿಸಿ, ಅಡಿಯಲ್ಲಿ ವೈರು ಎಳೆದು, ಕದಲದಂತೆ ಬಿಗಿದವು.

ಹಳೆಯ ಹೆಡ್ ಕ್ಲಾರ್ಕ್ ನಿವೃತ್ತರಾದಾಗ ಕೈಕುರ್ಚಿ ಬುಗುರಿಗೆ ಬಂತು. ಮರುದಿನವೇ ಮೀಟರಯ್ಯ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೋಲೂರಿಕೊಂಡು ಕಚೇರಿಗೆ ಬಂದ.

“ಸ್ವಲ್ಪ ಏಳಮ್ಮ, ನೋಡೋಣ” ಎಂದು ಮಗಳನ್ನು ಎಬ್ಬಿಸಿ ತಾನು ಕೂತ. ಎರಡೂ ಕೈ ಮರದ ಮೇಲೆ ಚಾಚಿದ. ಕಣ್ಣು ಮುಚ್ಚಿದ. ವಿಭಾಗವೆಲ್ಲ ಕೆಲಸ ಬಿಟ್ಟು ನೋಡಿತು.

“ಯಜಮಾನ್ರೇ, ನಿದ್ದೆ ಬಂತಾ?” ಎಂದ ಪಕ್ಕದ ಮೇಜಿನವನು.

“ಇಲ್ಲಪ್ಪ,” ಎಂದ ಮೀಟರಯ್ಯ ಕಣ್ಣು ಬಿಡದೆ, “ನಮ್ಮಪ್ಪನಿಗೆ ಹೇಳ್ತಾ ಇದ್ದೆ.”

ಅಂದಿನಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ ಅವನದು ಅದೇ ಸುದ್ದಿ. ಮಗಳಿಗೆ ಬಡ್ತಿ ಸಿಕ್ಕಿತು ಎಂದು ಒಮ್ಮೆಯೂ ಹೇಳಲಿಲ್ಲ. “ಕೈ ಇರೋ ಕುರ್ಚಿ ಕೊಟ್ಟಿದ್ದಾರೆ” ಎಂದೇ ಹೇಳಿದ.

ನೋವು ಶುರುವಾದದ್ದು ಅದಾದ ಕೆಲವೇ ತಿಂಗಳಿಗೆ. ಮೊದಲು ಬಲಭುಜದ ಮೂಲೆಯಲ್ಲಿ ಇರುವೆ ಕಚ್ಚಿದ ಹಾಗೆ. ಆಮೇಲೆ ಇರುವೆ ಚೇಳಾಯಿತು. ಕತ್ತಿನಿಂದ ಇಳಿದು ಮೊಣಕೈಗೆ, ಅಲ್ಲಿಂದ ಹರಿದು ಕಿರುಬೆರಳಿಗೆ. ಬುಗುರಿ ಎಣ್ಣೆ ತಿಕ್ಕಿಕೊಂಡಳು, ಬಿಸಿನೀರಿನ ಚೀಲ ಇಟ್ಟಳು, ಮಣಿಕಟ್ಟಿಗೆ ಪಟ್ಟಿ ಸುತ್ತಿದಳು, ತಲೆದಿಂಬು ಬದಲಿಸಿದಳು. ಕಂಪ್ಯೂಟರಿನ ಪರದೆಯ ಕೆಳಗೆ ಹಳೆಯ ಕಡತಗಳ ಕಟ್ಟು ಇಟ್ಟು ಎತ್ತರಿಸಿದಳು. ನೋವು ಯಾವುದಕ್ಕೂ ಬಗ್ಗಲಿಲ್ಲ. ಕೂತರೆ ನೋವು, ಎದ್ದರೆ ಹಾಯೆನಿಸುತ್ತಿತ್ತು. ಹಾಗಾಗಿ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಏಳುವುದು, ನೀರು ಕುಡಿಯುವುದು, ಬಾಯಾರದಿದ್ದರೂ ಇನ್ನೊಮ್ಮೆ ಕುಡಿಯುವುದು, ಕಿಟಕಿ ತೆರೆಯುವುದು, ಅದನ್ನೇ ಮುಚ್ಚುವುದು, ತಿರುಗಿ ಬಂದು ಕೂರುವುದು.

ಬೆಳಿಗ್ಗೆ ಜಡೆ ಹೆಣೆದುಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಗಂಡ ಬಸ್ಸಿನ ಡ್ರೈವರು. ಕೆಲಸಕ್ಕೆ ಹೊರಡುವ ಮೊದಲು ಬಾಚಣಿಗೆ ಹಿಡಿದು ಅವಳ ಹಿಂದೆ ನಿಲ್ಲುತ್ತಿದ್ದ.

“ಅಯ್ಯೋ, ಮೆಲ್ಲಗೆ! ಕೂದಲು ಬಾಚ್ತಿದ್ದೀರೋ, ಗೇರ್ ಹಾಕ್ತಿದ್ದೀರೋ?”

“ಏರು ಬಂತು ಮಾರಾಯ್ತಿ, ಏನ್ಮಾಡ್ಲಿ? ಆಫೀಸಿನಲ್ಲಿ ಹೇಳಿಬಿಡು, ಕೈ ಆಗ್ತಿಲ್ಲ ಅಂತ.”

“ಹೇಳಿದ್ರೆ ಕುರ್ಚಿ ಹೋಗುತ್ತೆ.”

“ಹೋದ್ರೆ ಹೋಗ್ಲಿ ಬಿಡು.”

“ಅದನ್ನ ಅಪ್ಪನ ಮುಂದೆ ನಿಂತು ಹೇಳಿ, ನೋಡೋಣ.”

ಗಂಡ ಮತ್ತೆ ಬಾಚಣಿಗೆಗೆ ತಿರುಗುತ್ತಿದ್ದ. ಮಾವನ ಬಾಯಿಗೆ ಸಿಕ್ಕಿ ಬದುಕಿ ಬಂದ ಅಳಿಯ ಇನ್ನೂ ಹುಟ್ಟಿರಲಿಲ್ಲ.

ಹೆದರಿಕೆ ಸುಳ್ಳಿನದಾಗಿರಲಿಲ್ಲ. ಕೀಲಿ ಒತ್ತಲಾಗದವರನ್ನು ಕಳಿಸುವುದಕ್ಕೆಂದೇ ಕಚೇರಿಯ ಹಿಂದೆ ಹಳೆಯ ಕಡತಗಳ ಕೋಣೆಯೊಂದಿತ್ತು. ಅಲ್ಲಿಗೆ ಹೋದವರು ಧೂಳು ಹೊಡೆಯುತ್ತ ನಿವೃತ್ತಿಗೆ ಕಾಯುತ್ತಿದ್ದರು. ಹೆಸರಿಗೆ ಸಂಬಳ, ಕೂರುವುದಕ್ಕೆ ಬೆಂಚು. ಬುಗುರಿಯ ತೋಳು ಸೋತಿತು ಎಂದು ಗೊತ್ತಾದರೆ ಅವಳಿಗೂ ಅದೇ ಬೆಂಚು.

ಕೈಕುರ್ಚಿಯ ಮೇಲೆ ಕಣ್ಣಿಟ್ಟವನೊಬ್ಬ ಪಕ್ಕದಲ್ಲೇ ಇದ್ದ. ಎರಡನೇ ಕ್ಲಾರ್ಕು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಕೀಲಿ ಒತ್ತಿ ಒತ್ತಿ, ಫೋನಿಲ್ಲದಾಗಲೂ ಅವನ ತಲೆ ಎಡಕ್ಕೇ ವಾಲಿಕೊಂಡಿರುತ್ತಿತ್ತು. ಓರೆಗತ್ತು ಎಂದು ಎಲ್ಲರೂ ಕರೆಯುತ್ತಿದ್ದರು. ಕೆಟ್ಟವನಲ್ಲ. ಮರದ ಕೈಗಳ ಮೇಲೆ ಮೊಣಕೈ ಊರಿ ಕೂತರೆ ತನ್ನ ಕತ್ತು ನೆಟ್ಟಗಾಗುತ್ತದೆ ಎಂದು ನಂಬಿದ್ದ, ಅಷ್ಟೆ.

ನಿಜ ಹೇಳಬೇಕೆಂದರೆ ಆ ವಿಭಾಗದಲ್ಲಿ ನೆಟ್ಟಗಿದ್ದವರು ಯಾರು? ಒಬ್ಬಳು ಸೊಂಟದ ಹಿಂದೆ ಟವೆಲ್ಲು ಸುರುಳಿ ಇಟ್ಟುಕೊಂಡಿದ್ದಳು. ಒಬ್ಬ ಮೇಜಿನ ಖಾನೆ ಕಿತ್ತು ನೆಲಕ್ಕೆ ಬೋರಲು ಹಾಕಿ ಅದರ ಮೇಲೆ ಕಾಲಿಟ್ಟಿದ್ದ. ಇನ್ನೊಬ್ಬ ಅಂಗೈ ಕೊಡವುತ್ತಲೇ ಇರುತ್ತಿದ್ದ, ಕೋಳಿ ಓಡಿಸುವವನ ಹಾಗೆ. ಹೊರಗಿನಿಂದ ಬಂದವರು ಇದು ನೀರಿನ ಕಚೇರಿಯೋ ಆಸ್ಪತ್ರೆಯ ವಾರ್ಡೋ ಎಂದು ಬಾಗಿಲ ಮೇಲಿನ ಬೋರ್ಡು ಇನ್ನೊಮ್ಮೆ ಓದುತ್ತಿದ್ದರು. ಆದರೂ ನೋವು ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕೂತು ಮಾಡುವ ಕೆಲಸಕ್ಕೆ ನೋವೇ ಎಂದು ಜನ ನಗುತ್ತಾರೆ. ಹೆಗಲಯ್ಯನ ಗಡ್ಡೆ ಊರಿಗೆ ಕಾಣುತ್ತಿತ್ತು, ಇವರದ್ದು ಕಾಣುತ್ತಿರಲಿಲ್ಲ.

ಸಾಹೇಬರು ಒಂದು ದಿನ ಕೇಳಿಯೇ ಬಿಟ್ಟರು. “ಏನಮ್ಮ, ಕುರ್ಚೀಲಿ ಮುಳ್ಳಿದೆಯಾ? ಎಷ್ಟು ಸಲ ಏಳ್ತೀರಿ?”

“ಬಾಯಾರಿಕೆ ಸಾರ್.”

“ಊರಿಗೆಲ್ಲ ನೀರು ಕೊಡೋ ಕಚೇರಿ. ನೀವೊಬ್ಬರೇ ಕುಡಿದು ಮುಗಿಸಿಬಿಡ್ತೀರಿ.”

ಎಲ್ಲರೂ ನಕ್ಕರು. ಓರೆಗತ್ತು ನಗಲಿಲ್ಲ. ಅವನ ಕಣ್ಣು ಅವಳ ಬಲಗೈ ಮೇಲಿತ್ತು.

ಗಂಡನೇ ಒತ್ತಾಯ ಮಾಡಿ ಅವಳನ್ನು ವ್ಯಾಯಾಮ ಚಿಕಿತ್ಸೆಯ ಡಾಕ್ಟರಮ್ಮನ ಬಳಿ ಕರೆದೊಯ್ದ. ಚಿಕ್ಕ ವಯಸ್ಸಿನವಳು, ದೊಡ್ಡ ಗಂಟಲು. ತೋಳು ಎತ್ತಿಸಿದಳು, ಇಳಿಸಿದಳು, ಹೆಬ್ಬೆರಳಿನಿಂದ ಭುಜ ಒತ್ತಿ ಬುಗುರಿಯಿಂದ ಅಯ್ಯೋ ಅನ್ನಿಸಿದಳು.

“ಆಫೀಸಿನಲ್ಲಿ ಹೇಗೆ ಕೂರ್ತೀರಿ, ಇಲ್ಲಿ ಕೂತು ತೋರಿಸಿ.”

ಬುಗುರಿ ಅಲ್ಲಿದ್ದ ಬೋಳು ಕುರ್ಚಿಯ ಮೇಲೆ ಕೂತು, ಮೇಜಿನ ಅಂಚಿಗೆ ಒತ್ತಿಕೊಂಡು, ಮೊಣಕೈ ಪಕ್ಕೆಗೆ ಇಳಿಬಿಟ್ಟು ತೋರಿಸಿದಳು.

“ಹೀಗೇ ಕೂತ್ರೆ ಈ ನೋವು ಬರೋ ಹಾಗೇ ಇಲ್ವಲ್ಲ! ನನ್ನ ಮುಂದೆ ಒಳ್ಳೆ ಹುಡುಗಿ ಆಗ್ಬೇಡಿ. ಫೋಟೋ ಬೇಕು ನಂಗೆ, ಕೆಲಸ ಮಾಡ್ತಿರುವಾಗಿನದು.”

ಮರುದಿನ ಗಂಡ ಊಟದ ಡಬ್ಬಿ ಕೊಡುವ ನೆಪದಲ್ಲಿ ಕಚೇರಿಗೆ ಬಂದು, ಬಾಗಿಲ ಪಕ್ಕ ನಿಂತು ಫೋನು ಎತ್ತಿದ.

“ಏನ್ ಭಾವ,” ಎಂದ ಓರೆಗತ್ತು, “ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ಫೋಟೋನಾ?”

“ಆಗ ತೆಗೆದದ್ದರಲ್ಲಿ ಕಣ್ಣು ಮುಚ್ಚಿದ್ಲು ಕಣಯ್ಯ” ಎಂದು ಗಂಡ ಜಾರಿಕೊಂಡ.

ಡಾಕ್ಟರಮ್ಮ ಚಿತ್ರ ನೋಡಿದಳು, ಬೆರಳಿನಿಂದ ಹಿಗ್ಗಿಸಿ ಇನ್ನೊಮ್ಮೆ ನೋಡಿದಳು. ಫೋನನ್ನು ಬುಗುರಿಯ ಮುಂದೆ ಇಟ್ಟಳು.

“ನೋಡಿ ಅಕ್ಕ. ಕುರ್ಚಿಯ ಕೈ ಮೇಜಿಗಿಂತ ಎತ್ತರ ಇದೆ. ಅಂಚಿಗೆ ಬಡಿದು ಕುರ್ಚಿ ಅಲ್ಲೇ ನಿಂತುಬಿಟ್ಟಿದೆ, ಒಳಗೆ ಹೋಗ್ತಾ ಇಲ್ಲ. ನೀವು ಕೂತಿರೋದು ಮೇಜಿನಿಂದ ಇಷ್ಟು ದೂರ. ಕೀಲಿಮಣೆ ಸಿಗ್ಲಿ ಅಂತ ದಿನವಿಡೀ ತೋಳು ಚಾಚಿ, ಮುಂದಕ್ಕೆ ಬಗ್ಗಿ, ಭುಜ ಕಿವಿ ಹತ್ರ ಎತ್ತಿ ಹಿಡ್ಕೊಂಡಿದ್ದೀರಿ. ಇದು ಕೂತ್ಕೊಳ್ಳೋದಲ್ಲ, ಬಾವಿಗೆ ಬಿದ್ದ ಬಿಂದಿಗೆ ಎತ್ತೋದು!”

ಬುಗುರಿ ಚಿತ್ರವನ್ನೇ ನೋಡುತ್ತ ಕೂತಳು. ಅದರಲ್ಲಿದ್ದ ಹೆಂಗಸು ಯಾರೂ ಕೊಡದ ವಸ್ತುವಿಗೆ ಕೈಯೊಡ್ಡಿ ನಿಂತವಳ ಹಾಗೆ ಕಂಡಳು.

“ಹಳೇ ಬೋಳು ಕುರ್ಚೀಲಿ ಕೂತಾಗ ನೋವಿತ್ತಾ?”

“ಇರ್ಲಿಲ್ಲ.”

“ಮತ್ತೆ? ಅದಕ್ಕೇ ಹೋಗಿ. ವ್ಯಾಯಾಮ ನಾನು ಹೇಳ್ಕೊಡ್ತೀನಿ. ಆದ್ರೆ ಹೀಗೇ ಕೂತ್ರೆ ನನ್ನ ಕೈಲೂ ಏನೂ ಆಗಲ್ಲ. ಭುಜ ಹಿಡ್ಕೊಂಡು ಬಿಡುತ್ತೆ. ಆಮೇಲೆ ಕೀಲಿ ಒತ್ತೋದು ಹಾಗಿರ್ಲಿ, ಅಂಗಿ ತೊಡೋದೂ ಕಷ್ಟ.”

ಹೊರಗೆ ಬಂದ ಮೇಲೆ ಗಂಡ ಗೊಣಗಿದ. “ನಮ್ಮ ಡಿಪೋದಲ್ಲಿ ಡ್ರೈವರ್ ಬದಲಾದ್ರೆ ಸೀಟು ಎಳ್ಕೊಳ್ತಾನೆ. ನಿಮ್ಮಲ್ಲಿ ಸೀಟು ಇದ್ದ ಹಾಗೇ ಇರುತ್ತೆ, ಮನುಷ್ಯನ್ನ ಎಳೀತಾರೆ.”

ಬೋಳು ಕುರ್ಚಿಗೆ ಹಿಂದಿರುಗುವುದು ಹೇಳಿದಷ್ಟು ಸುಲಭವೇ? ಬುಗುರಿ ಸಾಹೇಬರ ಬಾಗಿಲಿಗೆ ಹೋಗಿ, ನೋವಿನ ಮಾತೆತ್ತದೆ, ಸುತ್ತಿ ಬಳಸಿ ಕೇಳಿದಳು. ಬೋಳು ಕುರ್ಚಿ ಹಾಕಿಕೊಂಡರೆ ಆಗುವುದೇ?

“ಆಗುತ್ತೆ, ಯಾಕಾಗಲ್ಲ?” ಎಂದರು ಸಾಹೇಬರು. “ಆದ್ರೆ ಕೈಕುರ್ಚಿ ಖಾಲಿ ಬಿದ್ದಿದ್ರೆ ಚೆನ್ನಾಗಿರಲ್ಲ. ಪಕ್ಕದವನಿಗೆ ಕೊಡ್ತೀನಿ. ಆಮೇಲೆ ಜನ ಅವನ ಹತ್ರ ಹೋಗಿ ಸಹಿ ಕೇಳ್ತಾರೆ, ನಿಮ್ಮ ಹತ್ರ ಅಲ್ಲ. ನನ್ನ ದೂರಬೇಡಿ.”

ಹೊಸ ಕುರ್ಚಿ ಬೇಕೆಂದು ಮೇಲಿನ ಕಚೇರಿಗೆ ಬರೆಯಬಹುದಿತ್ತು. ಅಲ್ಲಿಗೆ ಹೋದ ಕಾಗದ ಹಿಂದಿರುಗಿದ್ದನ್ನು ಕಂಡವರಿಲ್ಲ. ಮೇಜನ್ನು ಎತ್ತರಿಸೋಣವೆಂದರೆ ಇಡೀ ಸಾಲು ಕೀಳಬೇಕು. ಉಳಿದದ್ದು ಒಂದೇ. ಆ ಕುರ್ಚಿಯೂ ಇರಬೇಕು, ಅದಕ್ಕೆ ಕೈಯೂ ಇರಬಾರದು.

ರಜೆಯ ದಿನ ಅಪ್ಪ ಮೆಟ್ಟಿಲ ಮೇಲೆ ಬಿಸಿಲಿಗೆ ಮಂಡಿ ಚಾಚಿ ಕೂತಿದ್ದಾಗ ಬುಗುರಿ ಪಕ್ಕದಲ್ಲಿ ಕೂತಳು. ಎದ್ದಳು. ಮತ್ತೆ ಕೂತಳು.

“ಏನದು ಹೇಳಿಬಿಡು,” ಎಂದ ಅಪ್ಪ. “ನೀನು ಹೀಗೆ ಕುಣಿದ್ರೆ ನನಗೆ ತಲೆ ಸುತ್ತುತ್ತೆ.”

ಹೇಳಿದಳು. ಭುಜದ್ದು, ಚಿತ್ರದ್ದು, ಬೋಲ್ಟಿನದ್ದು, ಎಲ್ಲ. ಮೀಟರಯ್ಯನ ಮುಖ ಕೇಳುತ್ತ ಕೇಳುತ್ತ ಗಂಟಾಯಿತು.

“ಕೈ ಕಿತ್ತು ಹಾಕ್ತೀಯಾ?”

“ಬಿಚ್ತೀನಪ್ಪ. ಬೋಲ್ಟು ಇದೆ.”

“ಅದು ಬೋಳು ಕುರ್ಚಿ ಆಗುತ್ತೆ.”

“ಆಗುತ್ತೆ.”

“ಮನೆ ಮನೆ ಗುಂಡಿಗೆ ಬಗ್ಗಿದ್ದು ನಾನು. ಈ ಮಂಡಿ ನೋಡು. ಯಾವನಾದ್ರೂ ಒಬ್ಬ, ಕೂತ್ಕೋ ಮೀಟರಯ್ಯ ಅಂದಿದ್ನಾ? ನಿನಗೆ ಕೂರೋಕೆ ಕೊಟ್ರೆ ನೋವಂತೆ! ನೋವು ಅಂದ್ರೇನು ಗೊತ್ತಾ ನಿನಗೆ?”

“ಗೊತ್ತಪ್ಪ. ಜಡೆ ಹಾಕ್ಕೊಳ್ಳೋಕಾಗ್ತಿಲ್ಲ.”

“ಜಡೆ ಕತ್ತರಿಸ್ಕೋ!”

ಅಷ್ಟು ಹೇಳಿ ಕೋಲೆತ್ತಿಕೊಂಡು ಒಳಗೆ ಹೋದ. ಅಂದಿನಿಂದ ಮಗಳ ಜೊತೆ ಮಾತು ಬಿಟ್ಟ. ಏನಾದರೂ ಬೇಕಾದರೆ ಅಳಿಯನಿಗೆ ಹೇಳುತ್ತಿದ್ದ: “ನಿಮ್ಮ ಮನೆಯವರನ್ನ ಕೇಳಿ, ಚಹಾ ಆಗಿದೆಯಾ ಅಂತ.” ಅವಳು ಎದುರಿಗೇ ನಿಂತಿರುತ್ತಿದ್ದಳು.

ಬುಗುರಿ ಬೋಲ್ಟು ಬಿಚ್ಚುವುದನ್ನು ಮುಂದೂಡಿದಳು. ಕುರ್ಚಿಯ ತುದಿಗೆ ಜಾರಿ, ಗುಬ್ಬಿ ತಂತಿಯ ಮೇಲೆ ಕೂತ ಹಾಗೆ ಕೂತು ಕೆಲಸ ಮಾಡಿದಳು. ಭುಜ ತುಸು ತಣ್ಣಗಾದರೆ ಸೊಂಟ ಹತ್ತಿಕೊಂಡು ಉರಿಯಿತು. ಕುರ್ಚಿಯನ್ನು ಅಡ್ಡಡ್ಡ ತಿರುಗಿಸಿ ಅದರ ಒಂದು ಕೈ ಮಾತ್ರ ಮೇಜಿಗೆ ತಾಗುವಂತೆ ಇಟ್ಟಳು. ಕತ್ತು ತಿರುಚಿತು. ಬೆಳಿಗ್ಗೆ ಒಂದು ಬಗೆ, ಮಧ್ಯಾಹ್ನ ಇನ್ನೊಂದು ಬಗೆ. ಎದ್ದಳು, ಕೂತಳು, ಮತ್ತೆ ಎದ್ದಳು. ಕಿರುಬೆರಳಿನಲ್ಲಿ ಸ್ಪರ್ಶವೇ ಇಲ್ಲದಂತಾಗಿ ಅದು ತಾನಾಗಿ ಕೀಲಿಯ ಮೇಲೆ ಒರಗತೊಡಗಿತು.

ಕಾಲ ಮೀರಿತ್ತು. ಒಂದು ಬೆಳಿಗ್ಗೆ ವಿಚಾರಣೆಯ ಕಿಟಕಿಯಲ್ಲಿ ಮುದುಕಿಯೊಬ್ಬಳ ದನಿ ಇಡೀ ಕಚೇರಿಗೆ ಕೇಳಿಸಿತು. ಒಂಟಿ ಕೋಣೆಯ ಮನೆ, ಒಂದೇ ನಲ್ಲಿ. ಹೋಟೆಲಿಗೆ ಬರಬೇಕಾದಂಥ ಬಿಲ್ಲು ಅವಳಿಗೆ ಬಂದಿತ್ತು.

“ನಮ್ಮನೇಲಿ ಹೊಳೆ ಹರೀತಾ ಇದೆಯೇನಮ್ಮ? ಬಂದು ನೋಡಿ! ನಾನು ಸ್ನಾನ ಮಾಡೋದೇ ದಿನ ಬಿಟ್ಟು ದಿನ!”

ಅಂಕಿಯ ಕೊನೆಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದಿತ್ತು. ತುಂಬಿದವಳು ಬುಗುರಿ. ಅಷ್ಟು ವರ್ಷದಲ್ಲಿ ಅವಳ ಬೆರಳಿನಿಂದ ಅಂಥ ತಪ್ಪು ಬಿದ್ದದ್ದೇ ಇಲ್ಲ. ಅವಳೇ ಕಿಟಕಿಗೆ ಹೋಗಿ ಮುದುಕಿಯ ಕ್ಷಮೆ ಕೇಳಿ, ಬಿಲ್ಲು ತಿದ್ದಿ ಕೊಟ್ಟು ಬಂದಳು. ಬಂದು ನೋಡಿದರೆ ಸಾಹೇಬರು ಅವಳ ಮೇಜಿನ ಬಳಿ ನಿಂತಿದ್ದರು. ಈ ಸಲ ತಮಾಷೆಯಿರಲಿಲ್ಲ.

“ಕೈ ಆಗ್ತಿಲ್ಲ ಅಂತ ಎಲ್ಲರಿಗೂ ಗೊತ್ತು ಕಣಮ್ಮ, ನಿಮಗೊಬ್ಬರಿಗೇ ಗೊತ್ತಿಲ್ಲ. ನಾಳೆಯಿಂದ ಹಿಂದಿನ ಕೋಣೆಗೆ ಹೋಗಿ. ಆರಾಮಾಗಿರಿ. ಕುರ್ಚಿ ಇಲ್ಲೇ ಇರ್ಲಿ.”

ಓರೆಗತ್ತು ತಲೆ ತಗ್ಗಿಸಿ ಕೀಲಿ ಒತ್ತುವವನಂತೆ ನಟಿಸಿದ. ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ.

“ಸಾರ್,” ಎಂದಳು ಬುಗುರಿ, “ನಾಳೆ ಅಂದ್ರಲ್ಲ. ಇವತ್ತು ಇನ್ನೂ ನನ್ನದೇ ತಾನೆ?”

“ನಿಮ್ಮದೇ. ಯಾಕೆ?”

ಅವಳು ಸರಸರನೆ ಹೊರಗೆ ನಡೆದಳು. ಅಂಗಳ ದಾಟಿ ಪಂಪಿನ ಮನೆಗೆ ಹೋದಳು. ಅಲ್ಲಿನ ಫಿಟ್ಟರನ ಪೆಟ್ಟಿಗೆಯಿಂದ ಒಂದು ಸ್ಪ್ಯಾನರು ಆರಿಸಿಕೊಂಡಳು. “ಏನ್ ಒಡೆದಿದೆಯಮ್ಮ, ನಾನು ಬರ್ಲಾ?” ಎಂದು ಅವನು ಕೂಗುವಷ್ಟರಲ್ಲಿ ಹಿಂದಿರುಗಿ ವಿಭಾಗದ ಬಾಗಿಲಲ್ಲಿದ್ದಳು. ಕೈಕುರ್ಚಿಯನ್ನು ನಡುಕೋಣೆಗೆ ಎಳೆದು ಮಗ್ಗುಲಿಗೆ ಕೆಡವಿದಳು. ದಢ್ ಎಂದ ಸದ್ದಿಗೆ ಅಂಗೈ ಕೊಡವುವವನೂ ಕೊಡವುವುದು ನಿಲ್ಲಿಸಿದ. ಬುಗುರಿ ನೆಲದಲ್ಲಿ ಕೂತು, ಎಡಗೈಯಲ್ಲಿ ಸ್ಪ್ಯಾನರು ಹಿಡಿದು ಮೊದಲ ಬೋಲ್ಟಿಗೆ ಸಿಕ್ಕಿಸಿದಳು.

“ಏನಮ್ಮ ಇದು! ಕಚೇರಿಯ ಆಸ್ತಿ ಅದು!” ಎಂದರು ಸಾಹೇಬರು.

“ಆಸ್ತಿ ಎಲ್ಲೂ ಹೋಗಲ್ಲ ಸಾರ್. ಎರಡು ಕೈನೂ ಬೀರುವಿನ ಮೇಲೆ ಇಡ್ತೀನಿ, ನಿಮಗೆ ಕಾಣೋ ಹಾಗೆ. ಸಂಜೆಯೊಳಗೆ ಇವತ್ತಿನ ಅಂಕಿ ಎಲ್ಲ ತುಂಬ್ತೀನಿ. ಒಂದು ತಪ್ಪು ಸಿಕ್ರೆ ನಾನೇ ನಡ್ಕೊಂಡು ಹಿಂದಿನ ಕೋಣೆಗೆ ಹೋಗ್ತೀನಿ.”

“ಕೈ ಇಲ್ಲದ ಕುರ್ಚೀಲಿ ಕೂತ ಹೆಡ್ ಕ್ಲಾರ್ಕಿಗೆ ಯಾರಮ್ಮ ಮರ್ಯಾದೆ ಕೊಡ್ತಾರೆ?”

“ಕೊಡದೇ ಇರೋರು ಬಿಲ್ಲು ತಿದ್ದಿಸ್ಕೊಳ್ಳೋಕೆ ಯಾರ ಹತ್ರ ಹೋಗ್ತಾರೋ ನೋಡೋಣ ಸಾರ್.”

ಟವೆಲ್ಲಿನವಳು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಸಾಹೇಬರು ಕೈಗಡಿಯಾರ ನೋಡಿಕೊಂಡರು, ಗೋಡೆಯ ಗಡಿಯಾರವನ್ನೂ ನೋಡಿದರು. “ಸಂಜೆ ನೋಡ್ತೀನಿ” ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಬಾಗಿಲು ಮಾತ್ರ ಪೂರ್ತಿ ಮುಚ್ಚಲಿಲ್ಲ.

ಬೋಲ್ಟು ಹಳೆಯದು. ಬಣ್ಣದ ಮೇಲೆ ಬಣ್ಣ ಬಳಿದು ಮೆತ್ತಿಕೊಂಡಿತ್ತು. ಎಡಗೈಗೆ ಅಂಥ ಕೆಲಸದ ರೂಢಿಯಿಲ್ಲ. ಸ್ಪ್ಯಾನರು ಜಾರಿ ಬೆರಳಿನ ಗೆಣ್ಣು ತರಚಿತು. ಬುಗುರಿ ಬೆರಳು ಬಾಯಿಗಿಟ್ಟುಕೊಂಡು, ಮತ್ತೆ ಸಿಕ್ಕಿಸಿ, ಪಾದವನ್ನು ಕುರ್ಚಿಯ ಕಾಲಿಗೆ ಒದ್ದು ಹಿಡಿದು ಎಳೆದಳು. ಅದು ಕದಲಲಿಲ್ಲ. ಅಷ್ಟರಲ್ಲಿ ಅವಳ ಎದುರು ಎರಡು ಬೂಟು ಬಂದು ನಿಂತವು. ಓರೆಗತ್ತು. ಮುಖ ಕೆಂಪಾಗಿತ್ತು. ಆ ಬೋಲ್ಟು ಬಿಚ್ಚಿದರೆ ತಾನು ಕಾಯುತ್ತಿದ್ದ ಕೈಕುರ್ಚಿಯೇ ಇರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಬಗ್ಗಿ ಕೈ ಚಾಚಿದ.

“ಕೊಡಿ ಅಕ್ಕ. ನಿಮ್ಮ ಭುಜ ನೋಯುತ್ತೆ. ನಾನು ತಿರುಗಿಸ್ತೀನಿ.”

ಬುಗುರಿ ತಲೆ ಎತ್ತಲಿಲ್ಲ. ಸ್ಪ್ಯಾನರಿನ ಮೇಲೆ ಮೈಭಾರ ಹಾಕುತ್ತಲೇ ಹೇಳಿದಳು:

“ಬೇಡ ತಮ್ಮ. ನೀನು ಬಿಚ್ಚಿದ್ರೆ, ಅವಳ ಕುರ್ಚಿ ಕೈ ಕಿತ್ತುಕೊಂಡ್ರು ಅಂತ ನಾಳೆ ಊರೆಲ್ಲ ಹೇಳುತ್ತೆ. ನಮ್ಮಪ್ಪನೂ ಹಾಗೇ ಹೇಳ್ತಾನೆ. ಇದನ್ನ ನಾನೇ ಬಿಚ್ಚಬೇಕು. ನೀನು ಸ್ವಲ್ಪ ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದ್ದೀಯ.”